ಎಕ್ಸ್‌ಪ್ರೆಸ್‌ವೇ ಬಿಟ್ಟು ಮಂಡ್ಯ ಸುತ್ತೋದು ಹೇಗೆ?

2023ರಲ್ಲಿ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಶುರುವಾದ ಮೇಲೆ ತುಂಬಾ ಜನರಿಗೆ ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಅಂದರೆ ಬರೀ ರಸ್ತೆ ಬದಿಯ ಬೋರ್ಡು. ಬೈಪಾಸಿನಲ್ಲಿ ಹೋದರೆ ಊರೂ ಕಾಣಲ್ಲ, ಊರಿನ ಊಟವೂ ಸಿಗಲ್ಲ. ಈ ಕಡೆಯ ಬದುಕು ನೋಡಬೇಕು ಅಂದರೆ ಕಾರನ್ನು ಮನೆಯಲ್ಲೇ ಬಿಡಿ.

ಮೈಸೂರಿನಿಂದ ಬೆಳಗ್ಗೆ ಬೆಂಗಳೂರು ಕಡೆಗೆ ಹೊರಡುವ ಪ್ಯಾಸೆಂಜರ್ ರೈಲು ಹಿಡಿಯಿರಿ. ಶ್ರೀರಂಗಪಟ್ಟಣ, ಪಾಂಡವಪುರ, ಯಲಿಯೂರು ಅಂತ ನಿಂತು ನಿಂತು ಹೋಗುತ್ತದೆ. ಎರಡೂ ಕಡೆ ಕಬ್ಬು, ಭತ್ತ, ನಾಲೆ. ಇಷ್ಟು ನೀರಾವರಿ ಬಂದಿದ್ದೇ ಕೆಆರ್‌ಎಸ್‌ನಿಂದ ಅಲ್ವಾ. ಬಸ್ಸೇ ಬೇಕು ಅಂದರೆ ಹಳೇ ರಸ್ತೆಯಲ್ಲಿ ಹೋಗುವ ಕೆಂಪು ಬಸ್ಸು ಹತ್ತಿ, ಹೆಂಗಸರಿಗೆ ಶಕ್ತಿ ಯೋಜನೆಯಲ್ಲಿ ಟಿಕೆಟ್ ದುಡ್ಡಿಲ್ಲ, ಆಧಾರ್ ಮಾತ್ರ ಮರೆಯಬೇಡಿ.

ಮೊದಲ ಕೆಲಸ ಬೆಲ್ಲ ಮಾಡುವ ಆಲೆಮನೆ ಹುಡುಕೋದು. ಮಂಡ್ಯ, ಪಾಂಡವಪುರದ ಸುತ್ತ ಹಳ್ಳಿ ರಸ್ತೆಗಳಲ್ಲಿ ಬೇಕಾದಷ್ಟಿವೆ. ಮ್ಯಾಪ್ ನೋಡಬೇಡಿ, ಟೀ ಅಂಗಡಿಯಲ್ಲಿ "ಅಣ್ಣಾ, ಇವತ್ತು ಯಾವ ಆಲೆಮನೆ ಓಡ್ತಾ ಇದೆ?" ಅಂತ ಕೇಳಿ. ಜೋರು ಮಳೆಗಾಲದಲ್ಲಿ ಹೋಗದಿದ್ದರೆ ಒಳ್ಳೇದು, ಯಾಕಂದರೆ ಒಲೆಗೆ ಹಾಕೋದು ಒಣಗಿಸಿದ ಕಬ್ಬಿನ ಸಿಪ್ಪೆಯನ್ನೇ, ಅದು ನೆನೆದರೆ ಕೆಲಸ ನಿಂತಂತೆ. ಗಾಣದಿಂದ ಬಂದ ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕುದಿಯುತ್ತದೆ, ಸುಣ್ಣ ಹಾಕಿ ಮೇಲೆ ಬಂದ ಕೊಳೆ ತೆಗೆಯುತ್ತಾರೆ, ಪಾಕ ಹದಕ್ಕೆ ಬಂದ ಮೇಲೆ ಸುರಿದು, ಆರಿಸಿ, ಅಚ್ಚಿಗೆ ಹಾಕುತ್ತಾರೆ. ಕೊಪ್ಪರಿಗೆ ಹತ್ತಿರ ಸೆಲ್ಫಿ ಅಂತ ನುಗ್ಗಬೇಡಿ, ಆ ಪಾಕ ಮೈಗೆ ಸಿಡಿದರೆ ಅಂಟಿಕೊಂಡು ಸುಡುತ್ತದೆ. ಈಗ ಎಷ್ಟೋ ಕಡೆ ಕೆಲಸಗಾರರು ಉತ್ತರ ಪ್ರದೇಶದವರು, ಹಾಗಾಗಿ ಕನ್ನಡದಲ್ಲಿ ಕೇಳಿದ ಪ್ರಶ್ನೆಗೆ ಹಿಂದಿಯಲ್ಲಿ ಉತ್ತರ ಬಂದರೆ ಗಾಬರಿ ಬೇಡ. ಜೇಬಿನಲ್ಲಿ ಎರಡು ನಿಂಬೆಹಣ್ಣು ಇಟ್ಟುಕೊಳ್ಳಿ, ಕಬ್ಬಿನ ಹಾಲು ಕುಡಿಯಲು ಕೊಟ್ಟರೆ ಹಿಂಡಿಕೊಳ್ಳಬಹುದು. ಸುಮ್ನೆ ನೋಡಿ ಬರಬೇಡಿ, ಒಂದೆರಡು ಕೆಜಿ ಬೆಲ್ಲ ಕೊಳ್ಳಿ. ತೀರಾ ಹಳದಿಯಾಗಿ ಹೊಳೆಯುವ ಬೆಲ್ಲ ಚಂದ ಕಾಣುತ್ತದೆ, ಆದರೆ ಆ ಬಣ್ಣ ಬಹುಪಾಲು ಹೈಡ್ರೋಸ್ ಅನ್ನೋ ಬಿಳುಪು ಮಾಡುವ ರಾಸಾಯನಿಕ ಕೊಟ್ಟಿದ್ದು. ಕಂದು ಬೆಲ್ಲವನ್ನೇ ಕೇಳಿ. ಬಿಸಿ ಇರುವಾಗ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಬೇಡಿ, ಬೆವರಿ ಅಂಟಂಟಾಗುತ್ತದೆ.

ಮಧ್ಯಾಹ್ನಕ್ಕೆ ಮುದ್ದೆ. ಲಾರಿ ಡ್ರೈವರುಗಳು, ಕೋರ್ಟು ಕೆಲಸಕ್ಕೆ ಬಂದ ರೈತರು ಕೂತಿರುವ ಸಣ್ಣ ಹೋಟೆಲ್ ನೋಡಿಕೊಳ್ಳಿ, ಬೋರ್ಡಿನ ಚಂದ ನೋಡಬೇಡಿ. ಮಾಂಸ ತಿನ್ನುವವರು ಮಿಲಿಟರಿ ಹೋಟೆಲಿಗೆ ಹೋಗಿ ನಾಟಿಕೋಳಿ ಸಾರು ಹೇಳಿ. ತಿನ್ನದವರು ಬಸ್ಸಾರು ಇದೆಯಾ ಕೇಳಿ. ಕಾಳು, ಸೊಪ್ಪು ಬೇಯಿಸಿ ಬಸಿದ ನೀರಿನಲ್ಲೇ ಸಾರು, ಬಸಿದು ಉಳಿದಿದ್ದು ಪಲ್ಯ, ಇದಕ್ಕಿಂತ ಜಾಣ ಅಡುಗೆ ನನಗೆ ಗೊತ್ತಿಲ್ಲ. ಡಿಸೆಂಬರ್, ಜನವರಿಯಲ್ಲಾದರೆ ಹಿತಕಿದವರೆ ಸಾರು ಬಿಡಲೇಬೇಡಿ. ಮುದ್ದೆಯನ್ನು ಅಂಚಿನಿಂದ ಮುರಿದು, ಸಾರಿನಲ್ಲಿ ಹೊರಳಿಸಿ ನುಂಗಬೇಕು, ಅಗಿದರೆ ಹಲ್ಲಿಗೆ ಮೆತ್ತುತ್ತದೆ. ಬಿಸಿಯಿದ್ದಾಗಲೇ ಮುಗಿಸಿ. ಪಕ್ಕದವರು "ಇನ್ನೊಂದು ಹಾಕಿಸ್ಕೊಳ್ಳಿ" ಅಂತ ಒತ್ತಾಯ ಮಾಡುತ್ತಾರೆ, ಅರ್ಧ ಸಾಕು ಅನ್ನಲು ನಾಚಿಕೆ ಬೇಡ.

ಆಮೇಲೆ ಮದ್ದೂರು. ಊರಲ್ಲಿ ನೋಡಬೇಕಾದ್ದು ಜಾಸ್ತಿ ಏನಿಲ್ಲ, ಬಂದಿರೋದೇ ವಡೆಗೆ. ಉದ್ದಿನ ವಡೆ ಥರ ಮೆತ್ತಗಿರಲ್ಲ. ಅಕ್ಕಿ ಹಿಟ್ಟು, ರವೆ, ಮೈದಾಕ್ಕೆ ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು ಹಾಕಿ ಚಪ್ಪಟೆಯಾಗಿ ತಟ್ಟಿ ಕರಿದಿದ್ದು. ಹಳೇ ರಸ್ತೆಯ ಹೋಟೆಲುಗಳಿಗೆ ಬೈಪಾಸಿನಿಂದ ಗಿರಾಕಿ ಕಡಿಮೆಯಾಗಿದ್ದಾರೆ, ಅಲ್ಲೇ ಕೂತು ಬಿಸಿ ಬಿಸಿ ತಿಂದು ಮನೆಗೂ ಕಟ್ಟಿಸಿಕೊಳ್ಳಿ. ಸಂಜೆ ಮೈಸೂರಿಗೆ ವಾಪಸ್ ಬರುವ ರೈಲಿನಲ್ಲಿ ಬೆಂಗಳೂರಿನಿಂದ ಕೆಲಸ ಮುಗಿಸಿ ಬರುವವರು ತುಂಬಿರುತ್ತಾರೆ. ಮಂಡ್ಯದಲ್ಲಿ ಒಂದಷ್ಟು ಜನ ಇಳಿಯುತ್ತಾರೆ, ಸೀಟು ಆಗ ನೋಡಿಕೊಂಡರಾಯಿತು.