ಕಿರಣವೇ ಬಣ್ಣವನ್ನು ಬದಲಿಸತೊಡಗಿದಾಗ

ಹಳೆಯ ತೈಲಚಿತ್ರವೊಂದರಲ್ಲಿ ಹಳದಿ ಏಕೆ ಕಂದಿತು ಎಂಬುದನ್ನು ತಿಳಿಯಲು ನಾನು ಸಿಂಕ್ರೊಟ್ರಾನ್ (ಎಲೆಕ್ಟ್ರಾನ್‌ಗಳನ್ನು ಅತಿವೇಗದಲ್ಲಿ ಸುತ್ತಿಸಿ ಪ್ರಖರ ಎಕ್ಸ್-ಕಿರಣ ಹೊಮ್ಮಿಸುವ ಯಂತ್ರ) ಕೇಂದ್ರಕ್ಕೆ ಒಯ್ದದ್ದು ಸಾಸಿವೆ ಕಾಳಿಗಿಂತಲೂ ಚಿಕ್ಕದಾದ ಒಂದು ಬಣ್ಣದ ಚಕ್ಕೆಯನ್ನು. ಮೊದಲೇ ಬಿರುಕು ಬಿಟ್ಟಿದ್ದ ಅಂಚಿನಿಂದ ಅನುಮತಿ ಪಡೆದು ತೆಗೆದ ಆ ಚಕ್ಕೆಯನ್ನು ಪಾರದರ್ಶಕ ರಾಳದಲ್ಲಿ ಹುದುಗಿಸಿ, ಅಡ್ಡಲಾಗಿ ಕೊಯ್ದು ನಯಗೊಳಿಸಿದಾಗ ಸೂಕ್ಷ್ಮದರ್ಶಕದಲ್ಲಿ ಪದರಗಳು ಬಿಡಿಬಿಡಿಯಾಗಿ ಕಂಡವು: ತಳದಲ್ಲಿ ಸೀಸದ ಬಿಳಿ, ಅದರ ಮೇಲೆ ಕ್ರೋಮ್ ಹಳದಿ (ಸೀಸದ ಕ್ರೋಮೇಟ್ ಎಂಬ ಬಣ್ಣ), ಎಲ್ಲಕ್ಕೂ ಮೇಲೆ ಕೆಲವೇ ಮೈಕ್ರೋಮೀಟರ್ ದಪ್ಪದ ಕಂದು ಪೊರೆ.

ನಮ್ಮ ಪ್ರಯೋಗಾಲಯದ ಎಕ್ಸ್-ಕಿರಣ ಉಪಕರಣ ಅಲ್ಲಿ ಸೀಸವೂ ಕ್ರೋಮಿಯಮ್ಮೂ ಇವೆ ಎಂದಷ್ಟೇ ಹೇಳಬಲ್ಲದಾಗಿತ್ತು. ಆದರೆ ನನಗೆ ಬೇಕಿದ್ದದ್ದು ಕ್ರೋಮಿಯಂ ಯಾವ ಸ್ಥಿತಿಯಲ್ಲಿದೆ, ಅಂದರೆ ಅದರ ಪರಮಾಣು ಎಷ್ಟು ಎಲೆಕ್ಟ್ರಾನ್‌ಗಳನ್ನು ಕಳೆದುಕೊಂಡಿದೆ, ಎಂಬ ಉತ್ತರ. ಸಿಂಕ್ರೊಟ್ರಾನಿನಲ್ಲಿ ಕಿರಣವನ್ನು ಒಂದು ಮೈಕ್ರೋಮೀಟರಿಗೆ ಕಿರಿದುಗೊಳಿಸಬಹುದು, ಅದರ ಶಕ್ತಿಯನ್ನು ಎಲೆಕ್ಟ್ರಾನ್‌ವೋಲ್ಟಿಗಿಂತ (ಕಿರಣದ ಶಕ್ತಿಯನ್ನು ಅಳೆಯುವ ಮಾನ) ಚಿಕ್ಕ ಹೆಜ್ಜೆಗಳಲ್ಲಿ ಏರಿಸುತ್ತಲೂ ಹೋಗಬಹುದು. ಕ್ರೋಮಿಯಂ ಕಿರಣವನ್ನು ಥಟ್ಟನೆ ಹೀರತೊಡಗುವುದು 5989 ಎಲೆಕ್ಟ್ರಾನ್‌ವೋಲ್ಟಿನ ಸುಮಾರಿಗೆ. ಹಳದಿ ಕ್ರೋಮೇಟಿನಲ್ಲಿರುವ +6 ಸ್ಥಿತಿಯ ಕ್ರೋಮಿಯಂ 5993ರ ಆಸುಪಾಸಿನಲ್ಲಿ ಚೂಪಾದ ಶಿಖರವೊಂದನ್ನು ತೋರಿಸುತ್ತದೆ; ಅಪಕರ್ಷಣೆಗೊಂಡು, ಅಂದರೆ ಎಲೆಕ್ಟ್ರಾನ್‌ಗಳನ್ನು ಮರಳಿ ಪಡೆದು, +3ಕ್ಕೆ ಇಳಿದ ಕ್ರೋಮಿಯಂನಲ್ಲಿ ಆ ಶಿಖರ ಹೆಚ್ಚುಕಡಿಮೆ ಮಾಯವಾಗುತ್ತದೆ. ಚಿತ್ರಕಾರ ವ್ಯಾನ್ ಗೋ ಬಳಸಿದ ಹಳದಿಯ ಕಂದುವಿಕೆಗೆ ಈ ಇಳಿತವೇ ಕಾರಣವೆಂದು ಗ್ರೆನೋಬಲ್‌ನ ಯುರೋಪಿಯನ್ ಸಿಂಕ್ರೊಟ್ರಾನಿನಲ್ಲಿ ನಡೆದ, 2011ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತ್ತು. ನಾನು ಹಿಡಿದದ್ದೂ ಅದೇ ದಾರಿ.

ಎಂಟು ಗಂಟೆಯ ಮೊದಲ ಶಿಫ್ಟಿನಲ್ಲಿ ಎಲ್ಲವೂ ಎಣಿಸಿದಂತೆಯೇ ನಡೆಯಿತು. ಹಳದಿಯಲ್ಲಿ ಎತ್ತರದ ಶಿಖರ, ಕಂದಿನಲ್ಲಿ ಮೋಟು ಶಿಖರ. ವರದಿಯ ಮೊದಲ ವಾಕ್ಯವನ್ನೂ ಮನಸ್ಸಿನಲ್ಲೇ ಬರೆದುಕೊಂಡೆ. ಕೇವಲ ಶಾಸ್ತ್ರಕ್ಕೆಂಬಂತೆ ಹಳದಿಯ ಅದೇ ಬಿಂದುವಿನಲ್ಲಿ ಎರಡನೆಯ ಸಲ ಅಳೆದಾಗ ಶಿಖರ ತುಸು ಕುಗ್ಗಿತ್ತು, ಮೂರನೆಯ ಸಲ ಇನ್ನಷ್ಟು. ಕಾಲ ಮತ್ತು ಬೆಳಕು ದಶಕಗಳಲ್ಲಿ ಮಾಡಿದ್ದನ್ನು ನಮ್ಮ ಕಿರಣ ನಿಮಿಷಗಳಲ್ಲಿ ಮಾಡುತ್ತಿತ್ತು. ಹಾಗಿದ್ದರೆ ಕಂದು ಪೊರೆಯಲ್ಲಿ ನಾನು ಕಂಡ ಇಳಿತದಲ್ಲಿ ಚಿತ್ರದ ಪಾಲೆಷ್ಟು, ನನ್ನ ಪಾಲೆಷ್ಟು?

ಈ ಅಪಾಯ ಎಲ್ಲ ಪ್ರಯೋಗಗಳಲ್ಲೂ ಒಂದೇ ಪ್ರಮಾಣದಲ್ಲಿರುವುದಿಲ್ಲ. 2008ರಲ್ಲಿ ವ್ಯಾನ್ ಗೋ ಅವರ ಹುಲ್ಲಿನ ಚಿತ್ರವೊಂದರಡಿ ಅಡಗಿದ್ದ ಹೆಂಗಸಿನ ಮುಖವನ್ನು ಹ್ಯಾಂಬರ್ಗ್‌ನ ಸಿಂಕ್ರೊಟ್ರಾನಿನಲ್ಲಿ ಪಾದರಸ ಮತ್ತು ಆಂಟಿಮನಿಯ ನಕ್ಷೆಗಳಿಂದ ಹೊರಗೆಡಹಿದಾಗ ಕಿರಣದ ಅಗಲ ಸುಮಾರು ಅರ್ಧ ಮಿಲಿಮೀಟರ್. ಅದನ್ನೇ ಒಂದು ಮೈಕ್ರೋಮೀಟರಿಗೆ ಹಿಂಡಿದರೆ, ಅಷ್ಟೇ ಕಿರಣ ಎರಡೂವರೆ ಲಕ್ಷ ಪಟ್ಟು ಚಿಕ್ಕ ಜಾಗದ ಮೇಲೆ ಬೀಳುತ್ತದೆ. ಸೂಕ್ಷ್ಮತೆಗೆ ತೆರುವ ಬೆಲೆ ಇದು ಎಂಬುದನ್ನು ನಾನು ಲೆಕ್ಕದಲ್ಲಿ ಬಲ್ಲವನಾಗಿದ್ದರೂ ಕೆಲಸದಲ್ಲಿ ಮರೆತಿದ್ದೆ.

ಉಳಿದ ಸಮಯದಲ್ಲಿ ಎಲ್ಲವನ್ನೂ ಮೊದಲಿನಿಂದ ಮಾಡಿದೆವು. ಕಿರಣದ ದಾರಿಗೆ ಅಲ್ಯೂಮಿನಿಯಂ ಹಾಳೆಗಳನ್ನು ಅಡ್ಡವಿಟ್ಟು ತೀವ್ರತೆ ತಗ್ಗಿಸಿದೆವು; ಒಂದು ಬಿಂದುವಿನಲ್ಲಿ ಒಂದೇ ಒಂದು ತ್ವರಿತ ಅಳತೆ ತೆಗೆದು ಮುಂದಿನದಕ್ಕೆ ಮುಟ್ಟದ ಜಾಗಕ್ಕೆ ಸರಿದೆವು. ಒಂದೊಂದು ರೋಹಿತವೂ (ಶಕ್ತಿಗೆ ತಕ್ಕಂತೆ ಹೀರಿಕೆ ಬದಲಾಗುವುದನ್ನು ತೋರುವ ರೇಖೆ) ಅಳತೆಯ ಗದ್ದಲದಿಂದ ತುಂಬಿದ್ದರಿಂದ ಹಲವು ಬಿಂದುಗಳ ಸರಾಸರಿ ಬೇಕಾಯಿತು. ಜೊತೆಗೆ, ಹೊಸದಾಗಿ ಅಗಸೆ ಎಣ್ಣೆಯಲ್ಲಿ ಅರೆದು ಒಣಗಿಸಿದ ಕ್ರೋಮ್ ಹಳದಿಯ ಮಾದರಿಗೂ ಅಷ್ಟೇ ಕಿರಣ ಕೊಟ್ಟು, ಕಿರಣವೊಂದರಿಂದಲೇ ಎಷ್ಟು ಇಳಿತ ಬರುತ್ತದೆಂದು ನೋಡಿದೆವು. ಈ ಮಾದರಿಯನ್ನು ತಂದದ್ದು ನನ್ನ ಮುಂದಾಲೋಚನೆಯಿಂದಲ್ಲ; ಸಹೋದ್ಯೋಗಿಯೊಬ್ಬರು ಒತ್ತಾಯಿಸಿ ಪೆಟ್ಟಿಗೆಗೆ ಹಾಕಿಸಿದ್ದರು.

ಕಂದು ಪೊರೆಗೂ ಹಳದಿಗೂ ನಡುವಿನ ವ್ಯತ್ಯಾಸ ಕೊನೆಗೂ ಉಳಿಯಿತು, ಆದರೆ ಮೊದಲ ಶಿಫ್ಟಿನಲ್ಲಿ ಕಂಡಷ್ಟು ದೊಡ್ಡದಾಗಿ ಅಲ್ಲ. ಆ ಶಿಫ್ಟಿನ ಅಂಕಿಗಳನ್ನೆಲ್ಲ ವರದಿಯಿಂದ ಕೈಬಿಟ್ಟೆ. ರಾಳದ ತುಂಡನ್ನು ಹಿಂದಿರುಗಿಸುವಾಗ ಕಿರಣ ಬಿದ್ದ ಬಿಂದುಗಳ ನಕ್ಷೆಯನ್ನೂ ಅದರೊಂದಿಗೆ ಇಟ್ಟೆ. ಮುಂದೆ ಆ ಚಕ್ಕೆಯನ್ನು ಪರೀಕ್ಷಿಸುವವರಿಗೆ ನಾವು ಮುಟ್ಟದ ಜಾಗ ಯಾವುದೆಂದು ತಿಳಿದಿರಬೇಕು.