ಶಾಸನಗಳಲ್ಲಿ ಹೆಂಗಸರನ್ನು ನಾನು ಹುಡುಕಿದ ರೀತಿ

ನಮ್ಮ ನಾಡಿನ ಶಾಸನಗಳನ್ನು ಒಟ್ಟುಮಾಡಿ ಅಚ್ಚುಹಾಕಿದ ಎಪಿಗ್ರಾಫಿಯ ಕರ್ನಾಟಿಕದ ಸಂಪುಟ ಕೈಗೆ ಸಿಕ್ಕರೆ ಪೀಠಿಕೆ ಬಿಟ್ಟು ನೇರ ಶಾಸನದ ಪಾಠಕ್ಕೆ ಹೋಗಿ. ಪೀಠಿಕೆಯ ಹೆಚ್ಚಿನ ಭಾಗ ರಾಜರದ್ದು, ವಂಶಗಳದ್ದು. ಅಷ್ಟನ್ನೇ ಓದಿದರೆ ಅತ್ತಿಮಬ್ಬೆ, ಶಾಂತಲೆ ಬಿಟ್ಟು ಬೇರೆ ಹೆಂಗಸರೇ ಇರಲಿಲ್ಲವೇನೋ ಅನ್ನಿಸುತ್ತದೆ.

ನಾನು ಒಂದೊಂದೇ ತಾಲ್ಲೂಕು ಹಿಡಿದು ಓದಿದೆ. ಶುರುವಿನ ರಾಜನ ಹೊಗಳಿಕೆ ದಾಟಿ, ದಾನ ಕೊಟ್ಟದ್ದು, ಕೆರೆ ಕಟ್ಟಿಸಿದ್ದು, ಬಸದಿ ಮಾಡಿಸಿದ್ದು ಬರುವ ಸಾಲಿಗೆ ಬಂದು ಕ್ರಿಯಾಪದ ನೋಡುವುದು. ‘ಮಾಡಿಸಿದಳ್’, ‘ಕೊಟ್ಟಳ್’ ಅಂತಿದ್ದರೆ ಅಲ್ಲಿಂದ ಹಿಂದಕ್ಕೆ ಓದುತ್ತಾ ಹೆಸರು ಹುಡುಕುವುದು. ನೋಟ್‌ಬುಕ್‌ನಲ್ಲಿ ಮೊದಲ ಕಾಲಂ ಹೆಸರು, ಎರಡನೆಯದು ಅವಳು ಮಾಡಿದ ಕೆಲಸ, ಆಮೇಲೆ ಊರು, ಶಕವರ್ಷಕ್ಕೆ 78 ಕೂಡಿಸಿದ ಇಸವಿ. ಯಾರ ಹೆಂಡತಿ, ಯಾರ ಮಗಳು ಅನ್ನುವುದು ಕಟ್ಟಕಡೆಗೆ. ಈ ಕ್ರಮ ನನಗೆ ತುಂಬಾ ಮುಖ್ಯ, ಏಕೆಂದರೆ ಗಂಡನ ಹೆಸರಿನಿಂದ ಶುರು ಮಾಡಿದರೆ ಇಡೀ ಪಟ್ಟಿ ಮತ್ತೆ ಗಂಡಸರದ್ದೇ ಆಗುತ್ತದೆ, ಅಲ್ವಾ?

ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯ ಜಕ್ಕಿಯಬ್ಬೆಯನ್ನೇ ನೋಡಿ. 10ನೇ ಶತಮಾನದ ಆರಂಭ, ರಾಷ್ಟ್ರಕೂಟರ ಕಾಲ. ನಾಗರಖಂಡ 70 ಅನ್ನುವ ಎಪ್ಪತ್ತು ಹಳ್ಳಿಗಳ ನಾಡಿಗೆ ನಾಳ್ಗಾವುಂಡ, ಅಂದರೆ ನಾಡಿನ ಮುಖ್ಯಸ್ಥನಾಗಿದ್ದ ಗಂಡ ಸತ್ತ ಮೇಲೆ ಆ ಅಧಿಕಾರ ಇವಳಿಗೆ ಬಂತು. ಸುಮ್ನೆ ಹೆಸರಿಗಲ್ಲ, ಚೆನ್ನಾಗಿ ಆಡಳಿತ ನಡೆಸಿದಳು ಅಂತ ಶಾಸನವೇ ಹೊಗಳುತ್ತದೆ. ಕಾಯಿಲೆ ಬಿದ್ದಾಗ ಮಗಳನ್ನು ಕರೆಸಿ ಎಲ್ಲ ಒಪ್ಪಿಸಿ, ಬಂದಳಿಕೆಯಲ್ಲಿ ಸಲ್ಲೇಖನ, ಅಂದರೆ ಜೈನರ ಉಪವಾಸದ ವ್ರತ, ಮಾಡಿ ಪ್ರಾಣ ಬಿಟ್ಟಳು. ಇಷ್ಟು ವಿವರ ಕಲ್ಲಿನಲ್ಲೇ ಇದ್ದರೂ ನಮ್ಮ ಶಾಲೆಯ ಪುಸ್ತಕದಲ್ಲಿ ಅವಳ ಹೆಸರನ್ನು ನಾನು ಓದಲೇ ಇಲ್ಲ. ನನಗೆ ಇದರ ಬಗ್ಗೆ ಈಗಲೂ ಬೇಸರವಿದೆ.

ಊರುಗಳಲ್ಲಿ ಓಡಾಡುವಾಗ ಒಂದು ವಿಷಯ ಗಮನಿಸಿ. ಕಲ್ಲಿನಲ್ಲಿ ಹೆಣ್ಣಿನ ರೂಪ ಕಂಡರೆ ಸಾಕು, ಜನ ಮಾಸ್ತಿ ಕಲ್ಲು, ಅಂದರೆ ಗಂಡನ ಚಿತೆ ಏರಿದವಳ ನೆನಪಿನ ಕಲ್ಲು, ಅಂದುಬಿಡುತ್ತಾರೆ. ಮಾಸ್ತಿ ಕಲ್ಲಿನಲ್ಲಿ ಸಾಮಾನ್ಯವಾಗಿ ಬಳೆ ತೊಟ್ಟ ಕೈ ಮೇಲೆತ್ತಿರುತ್ತದೆ. ಅದಿಲ್ಲದಿದ್ದರೆ ನಿಂತು ಪೂರ್ತಿ ನೋಡಿ. ಶ್ರವಣಬೆಳಗೊಳದ ಒಂದು ವೀರಗಲ್ಲಿನಲ್ಲಿ ಸಾವಿಯಬ್ಬೆ ಕುದುರೆ ಏರಿ, ಕತ್ತಿ ಎತ್ತಿ, ಆನೆಯ ಮೇಲಿರುವವನ ಎದುರು ನಿಂತಿದ್ದಾಳೆ. ಬಗೆಯೂರಿನಲ್ಲಿ ಗಂಡನ ಜೊತೆ ಕಾದಾಡಿ ಸತ್ತವಳು ಅವಳು. ಚಿತೆ ಏರಿದವಳಲ್ಲ.

ಫೋಟೋ ತೆಗೆಯುವುದಾದರೆ ಬೆಳಿಗ್ಗೆ ಬೇಗ ಹೋಗಿ, ಓರೆ ಬಿಸಿಲಲ್ಲಿ ಅಕ್ಷರ ಎದ್ದು ಕಾಣುತ್ತವೆ. ಕಲ್ಲಿಗೆ ಪೇಂಟ್, ಸುಣ್ಣ ಬಳಿಯಬೇಡಿ.