ಬಡಾವಣೆಗೆ ಡ್ರೈವ್-ಥ್ರೂ ಹೋಟೆಲ್ ಬರುತ್ತಿದೆಯೇ? ಆಕ್ಷೇಪಣೆ ಸಲ್ಲಿಸುವ ಬಗೆ

ಕಾರಿನಿಂದ ಇಳಿಯದೆ ಕಿಟಕಿಯಲ್ಲೇ ತಿಂಡಿ ಪಡೆದು ಹೋಗುವ ಡ್ರೈವ್-ಥ್ರೂ ಹೋಟೆಲೊಂದು ಪಕ್ಕದ ಖಾಲಿ ಜಾಗದಲ್ಲಿ ಬರಲಿದೆ ಎಂದು ತಿಳಿದ ಕೂಡಲೇ ಮನವಿಪತ್ರಕ್ಕೆ ಸಹಿ ಸಂಗ್ರಹಿಸಲು ಹೊರಡುವವರೇ ಹೆಚ್ಚು. ಅದಕ್ಕೂ ಮೊದಲು ಆ ಜಾಗದ ಸಿ.ಟಿ.ಎಸ್. (ನಗರ ಸರ್ವೆ) ನಂಬರನ್ನೋ ರಿ.ಸ. (ಜಮೀನಿನ ಸರ್ವೆ) ನಂಬರನ್ನೋ ಪತ್ತೆ ಮಾಡಿ ಉತಾರ, ಅಂದರೆ ಭೂದಾಖಲೆಯ ನಕಲು, ತೆಗೆಸಬೇಕು. ನಂಬರಿಲ್ಲದ ತಕರಾರು ಯಾವ ಕಡತಕ್ಕೂ ಸೇರುವುದಿಲ್ಲ. ಬಳಿಕ ನವನಗರದಲ್ಲಿರುವ ಹುಬ್ಬಳ್ಳಿ-ಧಾರವಾಡ ನಗರಾಭಿವೃದ್ಧಿ ಪ್ರಾಧಿಕಾರಕ್ಕೆ, ಅಂದರೆ ಎಲ್ಲರೂ ಕರೆಯುವ ‘ಹುಡಾ’ಕ್ಕೆ ಹೋಗಿ, ಮಹಾಯೋಜನೆಯ (ಮಾಸ್ಟರ್ ಪ್ಲಾನ್) ನಕ್ಷೆಯಲ್ಲಿ ಆ ಜಾಗವನ್ನು ವಸತಿ ವಲಯಕ್ಕೆ ಸೇರಿಸಲಾಗಿದೆಯೋ ವಾಣಿಜ್ಯ ವಲಯಕ್ಕೋ ಎಂಬುದನ್ನು ನೋಡಿಕೊಳ್ಳಬೇಕು. ಮುಂದಿನ ದಾರಿಯನ್ನು ನಿರ್ಧರಿಸುವುದು ಇದೇ. ಜಾಗ ಬಿನ್‌ಶೇತ್ಕಿ (ಕೃಷಿಯೇತರ) ಆಗಿದೆ ಎಂಬ ಮಾಲೀಕರ ಉತ್ತರಕ್ಕೆ ಸುಮ್ಮನಾಗಬೇಕಿಲ್ಲ. ಬಿನ್‌ಶೇತ್ಕಿ 1964ರ ಭೂಕಂದಾಯ ಕಾಯ್ದೆಯ ವಿಚಾರ, ವಲಯ ಬೇರೆಯೇ ಕಾಯ್ದೆಯ ವಿಚಾರ.

ವಸತಿ ವಲಯದ ಜಾಗವನ್ನು ವಾಣಿಜ್ಯಕ್ಕೆ ಬದಲಾಯಿಸಲು ಕೋರಿದ್ದರೆ, 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14-ಎ ಕಲಮಿನಂತೆ ಪ್ರಾಧಿಕಾರವು ಆ ಪ್ರಸ್ತಾವವನ್ನು ದಿನಪತ್ರಿಕೆಯಲ್ಲಿ ಪ್ರಕಟಿಸಿ, ಆಕ್ಷೇಪಣೆಗೆ ಕನಿಷ್ಠ 15 ದಿನ ಕೊಡಬೇಕು. ಬದಲಾವಣೆಗೆ ರಾಜ್ಯ ಸರ್ಕಾರದ ಪೂರ್ವಾನುಮೋದನೆಯೂ ಬೇಕು. ಇಂಥ ಪ್ರಕಟಣೆಗಳು ಸಾಮಾನ್ಯವಾಗಿ ಟೆಂಡರುಗಳ ನಡುವೆ ಸಣ್ಣ ಅಕ್ಷರದಲ್ಲಿ ಬರುವುದರಿಂದ, ಓಣಿಯಲ್ಲಿ ಒಬ್ಬರಾದರೂ ಅದನ್ನು ದಿನವೂ ನೋಡುವ ಹೊಣೆ ಹೊತ್ತುಕೊಳ್ಳುವುದು ಒಳ್ಳೆಯದು. ದಾಖಲೆ ಕೈಗೆ ಬರಲಿ ಎಂದು ಕಾಯುವುದು ದೊಡ್ಡ ತಪ್ಪು. 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿಗೆ ಉತ್ತರಿಸಲು ಕಚೇರಿಗೆ 30 ದಿನಗಳ ಅವಕಾಶವಿರುವುದರಿಂದ, ಉತ್ತರ ಬರುವಷ್ಟರಲ್ಲಿ ಆಕ್ಷೇಪಣೆಯ ಗಡುವು ಮುಗಿದಿರಬಹುದು. ಆದ್ದರಿಂದ ಮೊದಲು ಆಕ್ಷೇಪಣೆ, ಆಮೇಲೆ ಮಾಹಿತಿ ಹಕ್ಕು.

ಆಕ್ಷೇಪಣೆಯಲ್ಲಿ ಏನು ಬರೆಯಬೇಕು ಎಂಬಲ್ಲೇ ಬಹಳಷ್ಟು ಜನ ಎಡವುತ್ತಾರೆ. ಊರಿನ ಖಾನಾವಳಿಗಳಿಗೆ ಪೆಟ್ಟು ಬೀಳುತ್ತದೆ, ಮಕ್ಕಳ ಆರೋಗ್ಯ ಕೆಡುತ್ತದೆ ಎಂಬ ಮಾತುಗಳು ನಿಜವೇ ಇರಬಹುದು, ಆದರೆ ಭೂ ಉಪಯೋಗದ ಪ್ರಶ್ನೆಯಲ್ಲಿ ಅವುಗಳಿಗೆ ತೂಕವಿಲ್ಲ. ತೂಕವಿರುವುದು ವಾಹನಗಳ ಸಾಲಿಗೆ. ಧಾರವಾಡದ ಲೈನ್ ಬಜಾರಿನಲ್ಲಿ ಫೇಡೆಗಾಗಿ ನಿಲ್ಲುವ ಸಾಲು ಕಾಲ ಮೇಲೆ ನಿಂತಿರುತ್ತದೆ. ಇಲ್ಲಿಯ ಸಾಲು ಕಾರಿನೊಳಗೆ ಕುಳಿತಿರುತ್ತದೆ, ಪ್ರತಿ ಕಾರಿಗೂ ಸುಮಾರು 6 ಮೀಟರ್ ಜಾಗ ಬೇಕಾಗುತ್ತದೆ. ಒಂದು ಕಾರಿಗೆ 3 ನಿಮಿಷ ಹಿಡಿದರೆ ಕಿಟಕಿಯಲ್ಲಿ ಗಂಟೆಗೆ 20 ಕಾರು ಮುಗಿಯುತ್ತವೆ. 30 ಬಂದರೆ ಗಂಟೆಯ ಕೊನೆಗೆ 10 ಕಾರು, ಅಂದರೆ 60 ಮೀಟರ್ ಸಾಲು ಉಳಿಯುತ್ತದೆ. ನಿವೇಶನದೊಳಗಿನ ಪಥ 40 ಮೀಟರ್ ಇದ್ದರೆ ಉಳಿದ 20 ಮೀಟರ್ ನಿಲ್ಲುವುದು ರಸ್ತೆಯ ಮೇಲೆ. ಚಿಗರಿ ಬಸ್ಸಿಗೇ ಮೀಸಲಾದ ಪಥ ನಡುವೆ ಹೋದ ಮೇಲೆ ಇತರ ವಾಹನಗಳಿಗೆ ಅಂಚಿನ ಪಥವಷ್ಟೇ ಉಳಿದಿರುವ ಹುಬ್ಬಳ್ಳಿ-ಧಾರವಾಡ ರಸ್ತೆಯಲ್ಲಿ ಇದರ ಪರಿಣಾಮವನ್ನು ವಿವರಿಸಿ ಹೇಳಬೇಕಿಲ್ಲ. ಟೇಪು ಹಿಡಿದು ರಸ್ತೆಯ ಅಗಲವನ್ನೂ, ಪ್ರವೇಶದ್ವಾರದಿಂದ ವೃತ್ತಕ್ಕಿರುವ ದೂರವನ್ನೂ ಅಳೆದು, ಸಂಜೆ ಹೊತ್ತಿನ ಫೋಟೊ ಲಗತ್ತಿಸಿದ ಒಂದು ಪುಟ, ‘ನಮಗೆ ಬೇಡ’ ಎಂಬ ಇನ್ನೂರು ಸಹಿಗಳಿಗಿಂತ ಮೇಲು ಎಂಬುದು ನನ್ನ ಅಭಿಪ್ರಾಯ.

ಜಾಗ ಮೊದಲೇ ವಾಣಿಜ್ಯ ವಲಯದಲ್ಲಿದ್ದರೆ 14-ಎ ಪ್ರಕಟಣೆಯ ಪ್ರಶ್ನೆಯೇ ಬರುವುದಿಲ್ಲ. ಹೋಟೆಲನ್ನು ತಡೆಯುವ ಆಸೆಯನ್ನೂ ಬಹುಮಟ್ಟಿಗೆ ಬಿಡಬೇಕಾಗುತ್ತದೆ. ಆಗ ಮಹಾನಗರ ಪಾಲಿಕೆಗೂ ಸಂಚಾರ ಪೊಲೀಸರಿಗೂ ಬರೆದು, ಕಟ್ಟಡ ಪರವಾನಗಿ ಮತ್ತು ವ್ಯಾಪಾರ ಪರವಾನಗಿಯಲ್ಲಿ ಷರತ್ತುಗಳನ್ನು ಕೇಳಬೇಕು: ಒಳಹೋಗುವ, ಹೊರಬರುವ ದ್ವಾರಗಳು ವೃತ್ತದಿಂದ ದೂರವಿರಲಿ, ಆರ್ಡರ್ ಪಡೆಯುವ ಧ್ವನಿವರ್ಧಕ ಮನೆಗಳ ಕಡೆ ಮುಖ ಮಾಡದಿರಲಿ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 10ರ ನಂತರ 45 ಡೆಸಿಬಲ್.

ಸಲ್ಲಿಸುವ ಪ್ರತಿಯೊಂದು ಅರ್ಜಿಗೂ ಪತ್ರ ಸ್ವೀಕರಿಸುವ ಆವಕ ಶಾಖೆಯಲ್ಲಿ ಮೊಹರು, ಸಂಖ್ಯೆ ಮತ್ತು ದಿನಾಂಕ ಹಾಕಿಸಿದ ನಕಲನ್ನು ಇಟ್ಟುಕೊಳ್ಳಬೇಕು. ವಿವಾದ ಮುಂದೆ ಧಾರವಾಡದ ಹೈಕೋರ್ಟ್ ಪೀಠದವರೆಗೆ ಹೋದರೆ, ಗಡುವಿನೊಳಗೆ ಆಕ್ಷೇಪಿಸಿದ್ದೀರಿ ಎಂಬುದಕ್ಕೆ ವಕೀಲರು ಮೊದಲು ಕೇಳುವುದು ಆ ಹಾಳೆಯನ್ನೇ.